ಅಕ್ಷರಗಳ ಲಿಂಕ್ಡ್ ಲಿಸ್ಟ್‌ನಲ್ಲಿ ದೋಷ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಸಿ ಭಾಷೆಯನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಕೀಲಿಮಣೆಯಿಂದ ಒಂದೊಂದೇ ಅಕ್ಷರವನ್ನು ಓದಿ ಲಿಂಕ್ಡ್ ಲಿಸ್ಟ್‌ನ ಕೊನೆಗೆ ಸೇರಿಸುವ, ಚುಕ್ಕಿ ಒತ್ತಿದಾಗ ಓದುವುದನ್ನು ನಿಲ್ಲಿಸಿ ಪಟ್ಟಿಯನ್ನು ಮುದ್ರಿಸುವ, ಆಮೇಲೆ ಬಳಕೆದಾರ ಹೇಳಿದ ಅಕ್ಷರವನ್ನು ಪಟ್ಟಿಯಿಂದ ತೆಗೆಯುವ ಪ್ರೋಗ್ರಾಂ ಬರೆದಿದ್ದೇನೆ. ಮುದ್ರಿಸಿದಾಗ ಅಕ್ಷರಗಳ ನಡುವೆ ಖಾಲಿ ಸಾಲುಗಳು ಬರುತ್ತವೆ. ಮೊದಲ ಅಕ್ಷರವನ್ನು ತೆಗೆಯಲು ಹೋದರೆ ಪ್ರತಿ ಸಲವೂ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಪ್ರೋಗ್ರಾಂ ನಿಂತುಹೋಗುತ್ತದೆ. ನಡುವಿನ ಅಕ್ಷರವನ್ನು ತೆಗೆದರೆ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಕೆಡುತ್ತದೆ, ಸ್ನೇಹಿತನ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತದೆ. ನಡುನಡುವೆ ಪ್ರಿಂಟ್‌ಎಫ್ ಹಾಕಿ ನೋಡಿದರೂ ಎಲ್ಲಿ ಕೆಟ್ಟಿತೆಂದು ತಿಳಿಯಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ? ಕೋಡ್ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಕೋಡ್ ಓದಿದೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪುಗಳಿವೆ. ಕೆಲವು ಕಣ್ಣಿಗೆ ಬೀಳುವಂತಿವೆ, ಇನ್ನು ಕೆಲವು ನಿಮ್ಮ ಕಂಪ್ಯೂಟರಿನ ಲೈಬ್ರರಿ ಉದಾರವಾಗಿರುವುದರಿಂದ ಇದುವರೆಗೆ ಅಡಗಿ ಕುಳಿತಿವೆ. ತಪ್ಪುಗಳನ್ನು ನೇರವಾಗಿ ತೋರಿಸಿಬಿಟ್ಟರೆ ಈ ಪ್ರೋಗ್ರಾಂ ಸರಿಹೋಗುತ್ತದೆಯಾದರೂ ನೀವು ಕೇಳಿರುವುದು ಎಲ್ಲಿಂದ ಹುಡುಕಬೇಕೆಂದು. ಆದ್ದರಿಂದ ಒಂದೊಂದು ಲಕ್ಷಣವನ್ನೂ ಹಿಡಿದು ಅದು ಯಾವ ತಪ್ಪಿನತ್ತ ಬೆರಳು ತೋರಿಸುತ್ತದೆ ಎಂಬುದನ್ನು ವಿವರಿಸುತ್ತೇನೆ.

ನೀವು ಈವರೆಗೆ ಪಟ್ಟಿಯನ್ನು ನೋಡಿರುವುದು ಪರದೆಯ ಮೇಲೆ ಮೂಡುವ ಅಕ್ಷರಗಳ ಮೂಲಕ ಮಾತ್ರ. ಅಕ್ಷರಗಳ ಪಟ್ಟಿಯಲ್ಲಿ ಇದು ವಿಶೇಷವಾಗಿ ಮೋಸ ಮಾಡುವ ನೋಟ. ಸಂಖ್ಯೆಗಳ ಪಟ್ಟಿಯಲ್ಲಿ ಕಸ ಸೇರಿದರೆ ವಿಚಿತ್ರವಾದ ದೊಡ್ಡ ಸಂಖ್ಯೆಯೊಂದು ಕಣ್ಣಿಗೆ ರಾಚುತ್ತದೆ. ಅಕ್ಷರಗಳ ಪಟ್ಟಿಯಲ್ಲಾದರೋ ಸೊನ್ನೆ ಬೈಟ್ ಕಾಣುವುದೇ ಇಲ್ಲ, ಹೊಸಸಾಲಿನ ಸಂಕೇತ ಖಾಲಿ ಸಾಲಾಗಿ ವೇಷ ಹಾಕಿಕೊಳ್ಳುತ್ತದೆ, 13 ಎಂಬ ಸಂಕೇತ ಕರ್ಸರ್ ಅನ್ನು ಸಾಲಿನ ಆರಂಭಕ್ಕೆ ಒಯ್ದು ಈಗಾಗಲೇ ಮುದ್ರಿತವಾದುದನ್ನು ಅಳಿಸಿದಂತೆ ತೋರಿಸುತ್ತದೆ. ಹಾಗಾಗಿ ಮೊದಲ ಕೆಲಸವೆಂದರೆ ಡಿಬಗ್ಗಿಂಗ್‌ಗೆಂದೇ ಒಂದು ಪ್ರತ್ಯೇಕ ಫಂಕ್ಷನ್ ಬರೆಯುವುದು. ಅದು ಪ್ರತಿ ನೋಡ್‌ಗೆ, ಅಂದರೆ ಪಟ್ಟಿಯ ಪ್ರತಿ ಕೊಂಡಿಗೆ, ಒಂದು ಸಾಲಿನಂತೆ ನಾಲ್ಕು ವಿಷಯಗಳನ್ನು ಮುದ್ರಿಸಬೇಕು: ಕ್ರಮಸಂಖ್ಯೆ, ಆ ನೋಡ್‌ನ ಸ್ವಂತ ವಿಳಾಸ, ಡೇಟಾದ (ಅಕ್ಷರದ) ಬೆಲೆ, ನೆಕ್ಸ್ಟ್‌ನಲ್ಲಿರುವ ಮುಂದಿನ ನೋಡ್‌ನ ವಿಳಾಸ. ವಿಳಾಸಗಳಿಗೆ %ಪಿ ಬಳಸಿ. ಡೇಟಾಕ್ಕೆ %ಸಿ ಬಿಟ್ಟು %ಡಿ ಬಳಸಿ. ನೂರು ನೋಡ್ ಆದ ಮೇಲೆ ಈ ಫಂಕ್ಷನ್ ತಾನಾಗಿಯೇ ನಿಲ್ಲಬೇಕು. ಪಟ್ಟಿ ಎಲ್ಲಾದರೂ ತನ್ನ ಬಾಲವನ್ನೇ ಕಚ್ಚಿಕೊಂಡಿದ್ದರೆ ಇಲ್ಲವಾದಲ್ಲಿ ಪರದೆ ಕೊನೆಯಿಲ್ಲದೆ ಓಡುತ್ತಿರುತ್ತದೆ.

ಇದನ್ನು ಪ್ರಿಂಟ್‌ಎಫ್‌ನಿಂದ ಬರೆಯದೆ, ಎಫ್‌ಪ್ರಿಂಟ್‌ಎಫ್‌ನಿಂದ ಎಸ್‌ಟಿಡಿಇಆರ್‌ಆರ್‌ಗೆ, ಅಂದರೆ ದೋಷ ಸಂದೇಶಗಳ ಪ್ರತ್ಯೇಕ ಧಾರೆಗೆ, ಬರೆಯಿರಿ. ನಿಮ್ಮ ಪ್ರಿಂಟ್‌ಎಫ್ ಪ್ರಯೋಗ ಏಕೆ ಫಲ ಕೊಡಲಿಲ್ಲ ಎಂಬುದಕ್ಕೆ ಇಲ್ಲೇ ಒಂದು ಕಾರಣವಿದೆ. ಸಾಮಾನ್ಯ ಔಟ್‌ಪುಟ್ ಪರದೆಗೆ ಹೋಗುವಾಗ ಸಾಲು ಮುಗಿಯುವವರೆಗೆ ಬಫರ್‌ನಲ್ಲಿ ಕಾಯುತ್ತದೆ. ಫೈಲಿಗೋ ಪೈಪಿಗೋ ಹೋಗುವಾಗ ಬಫರ್ ತುಂಬುವವರೆಗೂ ಕಾಯುತ್ತದೆ. ನಿಮ್ಮ "ಇಲ್ಲಿಗೆ ಬಂದೆ" ಎಂಬ ಸಂದೇಶಗಳ ಕೊನೆಯಲ್ಲಿ ಹೊಸಸಾಲಿನ ಚಿಹ್ನೆ ಇಲ್ಲ. ಪ್ರೋಗ್ರಾಂ ಆ ಸಾಲನ್ನು ದಾಟಿ ಮುಂದೆ ಹೋಗಿ ಸತ್ತಿದೆ, ಬಫರ್‌ನಲ್ಲಿದ್ದ ಸಂದೇಶ ಅದರೊಂದಿಗೇ ಹೋಗಿದೆ; ನೀವಾದರೋ ಅಲ್ಲಿಗೆ ತಲುಪಲೇ ಇಲ್ಲವೆಂದು ತಿಳಿದು ಅದಕ್ಕಿಂತ ಹಿಂದಿನ ಸಾಲುಗಳಲ್ಲಿ ದೋಷ ಹುಡುಕಿದ್ದೀರಿ. ಎಸ್‌ಟಿಡಿಇಆರ್‌ಆರ್‌ಗೆ ಈ ಕಾಯುವಿಕೆ ಇರುವುದಿಲ್ಲ. ಪ್ರಿಂಟ್‌ಎಫ್ ಇನ್ನೊಂದು ಗೊಂದಲವನ್ನೂ ತರಬಲ್ಲದು: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ಸಿ ಲೈಬ್ರರಿಯಲ್ಲಿ ಅದು ಮೊದಲ ಬಾರಿ ಕರೆಯಲ್ಪಟ್ಟಾಗ ತನ್ನ ಬಫರ್‌ಗಾಗಿ, ಮೆಮೊರಿ ಕೇಳುವ ಮ್ಯಾಲಾಕ್ ಎಂಬ ಫಂಕ್ಷನ್ ಮೂಲಕವೇ ಜಾಗ ಪಡೆಯುತ್ತದೆ, ಅಂದರೆ ಮ್ಯಾಲಾಕ್ ಜಾಗ ಕೊಡುವ ಹೀಪ್ ಎಂಬ ಮೆಮೊರಿ ಭಾಗದಲ್ಲಿ ನಿಮ್ಮ ನೋಡ್‌ಗಳು ಬೀಳುವ ಸ್ಥಳವೇ ಬದಲಾಗುತ್ತದೆ. ಮುದ್ರಣದ ಸಾಲು ಸೇರಿಸಿದೊಡನೆ ದೋಷ ಮಾಯವಾದರೆ ಸಂತೋಷಪಡಬಾರದು. ಅದು ಮೆಮೊರಿಯ ಮೇಲೆ ಅಕ್ರಮವಾಗಿ ಬರೆಯುವ ಅಥವಾ ಓದುವ ದೋಷವೆಂಬುದಕ್ಕೆ ಅದೇ ಬಲವಾದ ಸೂಚನೆ.

ಈಗ ಖಾಲಿ ಸಾಲುಗಳ ವಿಷಯ. ಹೊಸ ಫಂಕ್ಷನ್‌ನಿಂದ ಮುದ್ರಿಸಿದರೆ ಡೇಟಾದ ಅಂಕಣದಲ್ಲಿ 97, 10, 98, 10, 99, 10 ಎಂದು ಕಾಣುತ್ತದೆ. 97 ಇಂಗ್ಲಿಷಿನ ಸಣ್ಣ 'ಎ', 98 ಸಣ್ಣ 'ಬಿ'. 10 ಎಂಬುದು ನೀವು ಪ್ರತಿ ಅಕ್ಷರದ ನಂತರ ಒತ್ತಿದ ಎಂಟರ್. %ಸಿ ಎಂಬ ಫಾರ್ಮ್ಯಾಟ್ ಸಿಕ್ಕಿದ ಮುಂದಿನ ಬೈಟ್ ಯಾವುದಾದರೂ ಅದನ್ನೇ ಎತ್ತಿಕೊಳ್ಳುತ್ತದೆ. %ಡಿ ಯಂತೆ ಮುಂದಿರುವ ಖಾಲಿ ಜಾಗಗಳನ್ನು ಹಾರಿ ಹೋಗುವ ಸೌಜನ್ಯ ಅದಕ್ಕಿಲ್ಲ. ಮುದ್ರಣದ ಫಂಕ್ಷನ್ ತಪ್ಪು ಮಾಡುತ್ತಿದೆಯೆಂದು ನೀವು ಭಾವಿಸಿದ್ದಿರಿ, ಆದರೆ ಅದು ಪಟ್ಟಿಯಲ್ಲಿರುವುದನ್ನು ಪ್ರಾಮಾಣಿಕವಾಗಿ ತೋರಿಸಿದೆ. ಪಟ್ಟಿಯೇ ನೀವು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಉದ್ದವಾಗಿದೆ. ಸ್ಕ್ಯಾನ್‌ಎಫ್‌ನ ಫಾರ್ಮ್ಯಾಟ್‌ನಲ್ಲಿ %ಸಿ ಗಿಂತ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸ್ಪೇಸ್, ಟ್ಯಾಬ್, ಹೊಸಸಾಲು ಎಲ್ಲವನ್ನೂ ಅದು ನುಂಗಿ ಮುಂದಿನ ಅಕ್ಷರಕ್ಕೆ ಹೋಗುತ್ತದೆ. ಸ್ಪೇಸ್ ಕೂಡ ನಿಮ್ಮ ಪಟ್ಟಿಯಲ್ಲಿ ಬೇಕೆಂದಾದರೆ ಈ ಉಪಾಯ ಆಗದು. ಆಗ ಗೆಟ್‌ಚಾರ್‌ನಿಂದ ಓದಿ 10 ಬಂದಾಗ ಮಾತ್ರ ಬಿಟ್ಟುಬಿಡಿ. ಉಳಿದ ಅಕ್ಷರಗಳನ್ನು ಹೊರಹಾಕಲು ಎಫ್‌ಫ್ಲಶ್ ಅನ್ನು ಎಸ್‌ಟಿಡಿಇನ್ (ಕೀಲಿಮಣೆಯ ಇನ್‌ಪುಟ್) ಮೇಲೆ ಕರೆಯುವ ಸಲಹೆ ಎಷ್ಟೋ ಟಿಪ್ಪಣಿಗಳಲ್ಲಿ ಸಿಗುತ್ತದೆ, ಅದನ್ನು ಪಾಲಿಸಬೇಡಿ. ಸಿ ಭಾಷೆಯ ಮಾನಕವು ಅಂತಹ ಇನ್‌ಪುಟ್ ಧಾರೆಯ ಮೇಲೆ ಆ ಕರೆಗೆ ಯಾವ ಅರ್ಥವನ್ನೂ ನೀಡಿಲ್ಲ.

ಓದುವ ಭಾಗದಲ್ಲೇ ಇನ್ನೊಂದು ಬಲೆಯಿದೆ, ನೀವು ಇನ್ನೂ ಅದಕ್ಕೆ ಸಿಕ್ಕಿಲ್ಲ. ಸ್ಕ್ಯಾನ್‌ಎಫ್ ಎಷ್ಟು ಅಂಶಗಳನ್ನು ಓದಿತೆಂಬುದನ್ನು ಹಿಂದಿರುಗಿಸುತ್ತದೆ, ನೀವು ಅದನ್ನು ನೋಡುತ್ತಿಲ್ಲ. ಚುಕ್ಕಿ ಬರುವ ಮೊದಲೇ ಇನ್‌ಪುಟ್ ಮುಗಿದುಹೋದರೆ ವೇರಿಯೇಬಲ್‌ನಲ್ಲಿ ಹಳೆಯ ಅಕ್ಷರವೇ ಉಳಿದು, ಲೂಪ್ ಅದನ್ನೇ ಮತ್ತೆ ಮತ್ತೆ ಪಟ್ಟಿಗೆ ಸೇರಿಸುತ್ತ ಮೆಮೊರಿ ಮುಗಿಯುವವರೆಗೆ ಓಡುತ್ತದೆ. ಹಿಂದಿರುಗಿದ ಬೆಲೆ 1 ಆಗಿರುವವರೆಗೆ ಮಾತ್ರ ಲೂಪ್ ನಡೆಯಲಿ. ಗೆಟ್‌ಚಾರ್‌ಗೆ ಬದಲಾಯಿಸಿಕೊಂಡರೆ ಅದರ ಫಲಿತಾಂಶವನ್ನು ಚಾರ್‌ನಲ್ಲಿಡದೆ ಇಂಟ್‌ನಲ್ಲಿಡಿ. ಇನ್‌ಪುಟ್ ಮುಗಿಯಿತೆಂದು ಹೇಳುವ ಇಒಎಫ್ ಎಂಬುದು ಋಣ ಸಂಖ್ಯೆ, ಸಾಮಾನ್ಯವಾಗಿ -1. ಚಾರ್ ಋಣ ಬೆಲೆಗಳನ್ನು ಹಿಡಿಯದ ಯಂತ್ರಗಳಲ್ಲಿ, ಉದಾಹರಣೆಗೆ ಎಆರ್‌ಎಂ ಪ್ರೊಸೆಸರ್‌ನ ಲಿನಕ್ಸ್‌ನಲ್ಲಿ, ಆ -1 ಎಂಬುದು 255 ಆಗಿಬಿಡುತ್ತದೆ, ಹೋಲಿಕೆ ಎಂದೂ ಹೊಂದುವುದಿಲ್ಲ, ಲೂಪ್ ನಿಲ್ಲುವುದಿಲ್ಲ.

ಪ್ರಯೋಗಕ್ಕಾಗಿ ಕನ್ನಡ ಅಕ್ಷರಗಳನ್ನು ಟೈಪ್ ಮಾಡಿ ನೋಡುವ ಆಸೆ ಬಂದರೆ ಒಂದು ಮಾತು ನೆನಪಿರಲಿ. ಯುಟಿಎಫ್-8ರಲ್ಲಿ 'ಕ' ಎಂಬ ಒಂದು ಅಕ್ಷರ ಮೂರು ಬೈಟ್‌ಗಳು: 224, 178, 149. ಅವು ಮೂರು ನೋಡ್‌ಗಳಾಗಿ ಸೇರುತ್ತವೆ, %ಡಿ ಯಿಂದ ಮುದ್ರಿಸಿದಾಗ ಚಾರ್ ಋಣ ಬೆಲೆ ಹಿಡಿಯುವ ಯಂತ್ರದಲ್ಲಿ -32, -78, -107 ಎಂದು ಕಾಣುತ್ತವೆ. ಅವುಗಳ ನಡುವೆ ಬಾಣದ ಗುರುತನ್ನೋ ಸ್ಪೇಸ್ ಅನ್ನೋ ಮುದ್ರಿಸಿದರೆ ಪರದೆಯ ಮೇಲೆ ಬರೀ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಮೂಡುತ್ತವೆ. ಅದು ಪಟ್ಟಿಯ ದೋಷವಲ್ಲ. ನೋಡ್‌ನಲ್ಲಿರುವುದು ಬೈಟ್, ಲಿಪಿಯ ಅಕ್ಷರವಲ್ಲ. ದೋಷ ಪರಿಹಾರವಾಗುವವರೆಗೆ ಇಂಗ್ಲಿಷ್ ಅಕ್ಷರಗಳಲ್ಲೇ ಪರೀಕ್ಷಿಸುವುದು ಕ್ಷೇಮ.

ಇನ್ನು ಗಂಭೀರವಾದ ಭಾಗಕ್ಕೆ ಬರೋಣ. ನಿಮ್ಮ ಸ್ಟ್ರಕ್ಟ್‌ನಲ್ಲಿ ಮೊದಲು ಡೇಟಾ ಎಂಬ ಚಾರ್, ಆಮೇಲೆ ನೆಕ್ಸ್ಟ್ ಎಂಬ, ವಿಳಾಸ ಹಿಡಿಯುವ ಪಾಯಿಂಟರ್ ಇದೆ. 64 ಬಿಟ್‌ನ ಯಂತ್ರದಲ್ಲಿ ಪಾಯಿಂಟರ್ 8 ಬೈಟ್ ತೆಗೆದುಕೊಳ್ಳುತ್ತದೆ, ಅದು 8ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು. ಆದ್ದರಿಂದ ಕಂಪೈಲರ್ ಒಂದು ಬೈಟ್‌ನ ಡೇಟಾದ ನಂತರ 7 ಬೈಟ್ ಖಾಲಿ ಬಿಟ್ಟು, ನೆಕ್ಸ್ಟ್ ಅನ್ನು ನೋಡ್‌ನ ಆರಂಭದಿಂದ 8 ಬೈಟ್ ದೂರದಲ್ಲಿ ಇಡುತ್ತದೆ; ಒಟ್ಟು ನೋಡ್ 16 ಬೈಟ್. ಈ 8 ಮತ್ತು 16 ಎಂಬ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದಿನ ಪತ್ತೇದಾರಿಯೆಲ್ಲ ಅವುಗಳ ಸುತ್ತಲೇ ನಡೆಯುತ್ತದೆ.

ಪ್ರೋಗ್ರಾಂ ಅನ್ನು ಜಿಸಿಸಿ ಅಥವಾ ಕ್ಲ್ಯಾಂಗ್‌ನಿಂದ ಮತ್ತೆ ಕಂಪೈಲ್ ಮಾಡಿ; ಈ ಸಲ -ವಾಲ್, -ವೆಕ್ಸ್‌ಟ್ರಾ, -ಜಿ ಮತ್ತು -ಎಫ್‌ಸ್ಯಾನಿಟೈಜ್=ಅಡ್ರೆಸ್ ಎಂಬ ಆಯ್ಕೆಗಳನ್ನು ಕೊಡಿ. ಕೊನೆಯದು ಅಡ್ರೆಸ್ ಸ್ಯಾನಿಟೈಜರ್ ಎಂಬ ಸಾಧನವನ್ನು ಪ್ರೋಗ್ರಾಂ ಒಳಗೆ ಸೇರಿಸುತ್ತದೆ. ಮೆಮೊರಿಯ ಪ್ರತಿಯೊಂದು ಓದು ಬರಹವನ್ನೂ ಅದು ತಪಾಸಣೆ ಮಾಡಿ ಮೊದಲ ಅಕ್ರಮ ಕಂಡ ಕೂಡಲೇ ವರದಿ ಕೊಟ್ಟು ನಿಲ್ಲಿಸುತ್ತದೆ. ಪ್ರೋಗ್ರಾಂ ಸತ್ತ ಜಾಗ ಒಂದು, ಪಟ್ಟಿ ಕೆಟ್ಟ ಜಾಗ ಇನ್ನೊಂದು ಆಗಿರುವುದೇ ಲಿಂಕ್ಡ್ ಲಿಸ್ಟ್ ದೋಷಗಳ ಸ್ವಭಾವವಾದ್ದರಿಂದ, ಕೆಟ್ಟ ಕ್ಷಣದಲ್ಲೇ ಹಿಡಿದು ನಿಲ್ಲಿಸುವ ಸಾಧನದ ಬೆಲೆ ಇಲ್ಲಿ ಬಹಳ ದೊಡ್ಡದು. ಆರಂಭಿಕರು ಇದನ್ನು ಮುಂದೆಂದೋ ಕಲಿಯಬೇಕಾದ ವಿದ್ಯೆಯೆಂದು ಬದಿಗಿಡುವುದನ್ನು ನಾನು ಒಪ್ಪುವುದಿಲ್ಲ. ಮ್ಯಾಲಾಕ್ ಬರೆಯಲು ಕಲಿತ ದಿನವೇ ಇದನ್ನೂ ಕಲಿಯುವುದು ಸೂಕ್ತ.

ನಿಮ್ಮ ಪ್ರೋಗ್ರಾಂ ಹೀಗೆ ಓಡಿದರೆ ಅಳಿಸುವ ಹಂತಕ್ಕೆ ಬರುವುದೇ ಇಲ್ಲ. ಮೊದಲ ನೋಡ್‌ನ ನೆಕ್ಸ್ಟ್‌ಗೆ ಬೆಲೆ ಬರೆಯುವ ಸಾಲಿನಲ್ಲೇ ನಿಂತುಬಿಡುತ್ತದೆ. ವರದಿಯಲ್ಲಿ ಹೀಪ್-ಬಫರ್-ಓವರ್‌ಫ್ಲೋ ಎಂಬ ಹೆಸರಿನೊಂದಿಗೆ 8 ಬೈಟ್‌ಗಳ ಬರಹ ನಡೆಯಿತೆಂದೂ, ಅದು 8 ಬೈಟ್‌ಗಳ ತುಂಡೊಂದು ಮುಗಿದ ಕೂಡಲೇ ಇರುವ ಜಾಗದಲ್ಲಿ ನಡೆಯಿತೆಂದೂ ಇರುತ್ತದೆ. 16 ಇರಬೇಕಾದಲ್ಲಿ 8 ಬಂದದ್ದು ಹೇಗೆ? ನೋಡ್‌ಗೆ ಜಾಗ ಕೇಳುವಾಗ ನೀವು ಸೈಜ್‌ಆಫ್‌ನ ಆವರಣದೊಳಗೆ ಸ್ಟ್ರಕ್ಟ್ ನೋಡ್‌ನ ನಂತರ ನಕ್ಷತ್ರ ಚಿಹ್ನೆ ಹಾಕಿದ್ದೀರಿ. ಅದು ನೋಡ್‌ನ ಅಳತೆಯನ್ನು ಕೊಡದೆ ನೋಡ್‌ನತ್ತ ತೋರುವ ಪಾಯಿಂಟರ್‌ನ ಅಳತೆಯನ್ನು ಕೊಟ್ಟಿದೆ. ಡೇಟಾ ಒಳಗೆ ಹಿಡಿಸಿತು, ನೆಕ್ಸ್ಟ್ ಪೂರ್ತಿಯಾಗಿ ಹೊರಗೆ ಬಿತ್ತು. ವಿಧದ ಹೆಸರನ್ನು ಕೈಯಾರೆ ಬರೆಯುವ ಬದಲು ಸೈಜ್‌ಆಫ್‌ಗೆ 'ಹೊಸ ಪಾಯಿಂಟರ್ ತೋರುವ ವಸ್ತು' ಎಂಬರ್ಥದಲ್ಲಿ, ಅಂದರೆ ವೇರಿಯೇಬಲ್ ಹೆಸರಿಗಿಂತ ಮೊದಲು ನಕ್ಷತ್ರವಿಟ್ಟು, ಕೊಡುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಹತ್ತಿರ ಸುಳಿಯುವುದಿಲ್ಲ.

ಹಾಗಾದರೆ ಇಷ್ಟು ದಿನ ಇದು ಕಾಡದೆ ಇದ್ದುದೇಕೆ? ಹೊಸ ಫಂಕ್ಷನ್ ಮುದ್ರಿಸಿದ ವಿಳಾಸಗಳಲ್ಲೇ ಉತ್ತರವಿದೆ. ಸ್ಯಾನಿಟೈಜರ್ ಇಲ್ಲದೆ ಓಡಿಸಿದಾಗ ನಿಮ್ಮ ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಬಂದ ನೋಡ್‌ಗಳ ವಿಳಾಸಗಳು ಹದಿನಾರರ ಅಂಕಪದ್ಧತಿಯಲ್ಲಿ 20ರಷ್ಟು, ಅಂದರೆ ನಮ್ಮ ಲೆಕ್ಕದ 32 ಬೈಟ್‌ಗಳಷ್ಟು ದೂರದಲ್ಲಿರುತ್ತವೆ. 64 ಬಿಟ್‌ನ ಗ್ನೂ ಸಿ ಲೈಬ್ರರಿ ಇದಕ್ಕಿಂತ ಚಿಕ್ಕ ತುಂಡನ್ನು ಕೊಡುವುದೇ ಇಲ್ಲ. ಕೇಳಿದ್ದು 8 ಆದರೂ 16 ಆದರೂ ಬಳಸಲು 24 ಬೈಟ್ ಸಿಗುತ್ತದೆ. ನಿಮ್ಮ ತಪ್ಪು ಆ ಉದಾರತೆಯೊಳಗೆ ಮುಚ್ಚಿಹೋಗಿತ್ತು. ಬೇರೆ ಲೈಬ್ರರಿಯಲ್ಲಿ, ಅಥವಾ ನಾಳೆ ಇದೇ ಸ್ಟ್ರಕ್ಟ್‌ಗೆ ಹತ್ತಾರು ಬೈಟ್‌ಗಳ ಇನ್ನೊಂದು ಅಂಶವನ್ನು ಸೇರಿಸಿದಾಗ, ಒಂದು ನೋಡ್‌ನ ಬರಹ ಪಕ್ಕದ ನೋಡ್‌ನ ಮೇಲೆ ಹರಿಯುತ್ತದೆ.

ಅಳತೆಯನ್ನು ತಿದ್ದಿ ಮತ್ತೆ ಓಡಿಸಿದರೆ ಪ್ರೋಗ್ರಾಂ ಎರಡನೆಯ ಅಕ್ಷರವನ್ನು ದಾಟಿ ಮೂರನೆಯದನ್ನು ಸೇರಿಸುವಾಗ ಬೀಳುತ್ತದೆ. ಈಗ ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಪ್ರೋಗ್ರಾಂ ಅನ್ನು ಓಡಿಸಿ, ಬಿದ್ದ ಮೇಲೆ ಬಿಟಿ ಎಂದು ಟೈಪ್ ಮಾಡಿ ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಬಂದಿತೆಂದು ನೋಡಿಕೊಂಡು, ಪಟ್ಟಿಯುದ್ದಕ್ಕೂ ನಡೆಯುವ ಪಿ ಎಂಬ ಪಾಯಿಂಟರ್‌ನ ಬೆಲೆಯನ್ನು ಪ್ರಿಂಟ್ ಮಾಡಿಸಿ. ಹದಿನಾರರ ಅಂಕಪದ್ಧತಿಯಲ್ಲಿ 'ಬಿಇ' ಎಂಬ ಜೋಡಿಯೇ ಎಂಟು ಸಲ ಮರುಕಳಿಸಿದ ಬೆಲೆ ಕಾಣುತ್ತದೆ. ಇದು ಆಕಸ್ಮಿಕವಲ್ಲ. ಮ್ಯಾಲಾಕ್ ಕೊಟ್ಟ ಹೊಸ ತುಂಡನ್ನು ಅಡ್ರೆಸ್ ಸ್ಯಾನಿಟೈಜರ್ ಬೇಕೆಂದೇ ಆ ಬೈಟ್‌ನಿಂದ ತುಂಬಿಟ್ಟಿರುತ್ತದೆ, ಯಾರೂ ಬೆಲೆ ಬರೆಯದ ಜಾಗವನ್ನು ಓದಿದರೆ ಗುರುತು ಸಿಗಲಿ ಎಂದು. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಡಿಬಗ್ ಆವೃತ್ತಿಯಲ್ಲಿ ಇದೇ ಕೆಲಸವನ್ನು 'ಸಿಡಿ' ಎಂಬ ಜೋಡಿ ಮಾಡುತ್ತದೆ. ಫ್ರೀ ಮಾಡಿದ, ಅಂದರೆ ಹಿಂದಿರುಗಿಸಿದ, ಜಾಗಕ್ಕೆ ಅಲ್ಲಿ 'ಡಿಡಿ' ತುಂಬುತ್ತಾರೆ. ಪಾಯಿಂಟರ್‌ನಲ್ಲಿ ಇಂತಹ ಮರುಕಳಿಕೆ ಕಂಡರೆ ಕೋಡ್ ಓದದೆಯೇ ಅರ್ಧ ತೀರ್ಪು ಕೊಡಬಹುದು.

ನಿಮ್ಮ ಸೇರಿಸುವ ಫಂಕ್ಷನ್‌ನಲ್ಲಿ ಪಟ್ಟಿ ಖಾಲಿಯಿದ್ದಾಗ ಹೊಸ ನೋಡ್‌ನ ನೆಕ್ಸ್ಟ್‌ಗೆ ನಲ್, ಅಂದರೆ ಮುಂದೇನೂ ಇಲ್ಲವೆಂಬ ಸೊನ್ನೆ ವಿಳಾಸ, ಬರೆದಿದ್ದೀರಿ. ಇಲ್ಲದಿದ್ದಾಗ ಕೊನೆಯ ನೋಡ್‌ನವರೆಗೆ ನಡೆದು ಅದರ ನೆಕ್ಸ್ಟ್‌ಗೆ ಹೊಸ ನೋಡ್‌ನ ವಿಳಾಸ ಬರೆದಿದ್ದೀರೇ ಹೊರತು ಹೊಸ ನೋಡ್‌ನ ಸ್ವಂತ ನೆಕ್ಸ್ಟ್ ಅನ್ನು ಮುಟ್ಟಿಲ್ಲ. ಮ್ಯಾಲಾಕ್ ಜಾಗವನ್ನು ಸೊನ್ನೆ ಮಾಡಿ ಕೊಡುವುದಿಲ್ಲ. ಆದರೆ ಆಪರೇಟಿಂಗ್ ಸಿಸ್ಟಂನಿಂದ ಆಗತಾನೆ ಬಂದ ಪುಟಗಳು ಸೊನ್ನೆಯಿಂದ ತುಂಬಿರುತ್ತವೆ, ಪ್ರೋಗ್ರಾಂ ಹೊಸದಾಗಿ ಶುರುವಾದಾಗ ಆ ಸೊನ್ನೆಗಳೇ ನಿಮಗೆ ನಲ್ ಆಗಿ ಒದಗಿವೆ. ಬಳಸಿ ಬಿಟ್ಟ ತುಂಡುಗಳು ಮರುಬಳಕೆಗೆ ಬರತೊಡಗಿದ ಮೇಲೆ ಈ ಭಾಗ್ಯ ಉಳಿಯುವುದಿಲ್ಲ. ನೋಡ್ ಸೃಷ್ಟಿಗೆಂದೇ ಒಂದು ಚಿಕ್ಕ ಫಂಕ್ಷನ್ ಬರೆದು, ಅದರೊಳಗೆ ಮ್ಯಾಲಾಕ್‌ನ ಫಲಿತಾಂಶ ನಲ್ ಆಗಿಲ್ಲವೆಂದು ನೋಡಿ, ಡೇಟಾ ಮತ್ತು ನೆಕ್ಸ್ಟ್ ಎರಡಕ್ಕೂ ಬೆಲೆ ಕೊಟ್ಟು ಹೊರಗೆ ಕಳಿಸಿ. ಅರ್ಧ ತುಂಬಿದ ನೋಡ್ ಪ್ರೋಗ್ರಾಂನ ಯಾವ ಮೂಲೆಯಲ್ಲೂ ಇರಬಾರದು. ಇಲ್ಲಿ ಒಂದು ಎಚ್ಚರಿಕೆ: ಬೆಲೆ ಬರೆಯದ ಜಾಗವನ್ನು ಓದುವುದನ್ನು ಅಡ್ರೆಸ್ ಸ್ಯಾನಿಟೈಜರ್ ನೇರವಾಗಿ ವರದಿ ಮಾಡುವುದಿಲ್ಲ, ಅದರ ಪರಿಣಾಮ ಮಾತ್ರ ಕಾಣುತ್ತದೆ. ಆ ದೋಷವನ್ನು ಹೆಸರು ಹಿಡಿದು ಹೇಳುವುದು ವಾಲ್‌ಗ್ರಿಂಡ್ ಎಂಬ ಇನ್ನೊಂದು ತಪಾಸಣಾ ಸಾಧನ. ಅದಕ್ಕೆ ಟ್ರ್ಯಾಕ್-ಆರಿಜಿನ್ಸ್ ಆಯ್ಕೆ ಕೊಟ್ಟರೆ ಆ ಜಾಗ ಯಾವ ಸಾಲಿನ ಮ್ಯಾಲಾಕ್‌ನಿಂದ ಬಂದಿತೆಂಬುದನ್ನೂ ತಿಳಿಸುತ್ತದೆ. ಎರಡೂ ಸಾಧನಗಳನ್ನು ಒಟ್ಟಿಗೆ ಬಳಸಲಾಗದು. ವಾಲ್‌ಗ್ರಿಂಡ್‌ಗೆ ಸ್ಯಾನಿಟೈಜರ್ ಇಲ್ಲದೆ ಕಂಪೈಲ್ ಮಾಡಿದ ಪ್ರೋಗ್ರಾಂ ಬೇಕು.

ಇಷ್ಟಾದ ಮೇಲೆ ಅಳಿಸುವ ಫಂಕ್ಷನ್‌ಗೆ ಬರುತ್ತೇವೆ. ಮೊದಲ ಅಕ್ಷರವನ್ನು ತೆಗೆಯಲು ಹೋದಾಗ ಬರುವ ವರದಿಯಲ್ಲಿ ಅಕ್ರಮ ವಿಳಾಸವನ್ನು ಗಮನಿಸಿ: ಉದ್ದನೆಯ ಸೊನ್ನೆಗಳ ಸಾಲಿನ ಕೊನೆಯಲ್ಲಿ 8. ಪಾಯಿಂಟರ್ ನಲ್ ಆಗಿದ್ದರೆ ವಿಳಾಸ 0 ಇರಬೇಕಿತ್ತಲ್ಲ ಎಂದು ಅನುಮಾನಿಸಬೇಡಿ. ನಲ್ ಆಗಿರುವ ಪಾಯಿಂಟರ್‌ನ ಮೂಲಕ ಡೇಟಾವನ್ನು ಮುಟ್ಟಿದ್ದರೆ 0 ಬರುತ್ತಿತ್ತು. 8 ಬಂದಿದೆಯೆಂದರೆ ನೆಕ್ಸ್ಟ್ ಅನ್ನು ಮುಟ್ಟಿದ್ದೀರಿ ಎಂದರ್ಥ. ನಿಮ್ಮ ಫಂಕ್ಷನ್ ಹಿಂದಿನ ನೋಡ್ ಅನ್ನು ಪ್ರೀವ್ ಎಂಬ ಪಾಯಿಂಟರ್‌ನಲ್ಲಿಟ್ಟು, ಅಕ್ಷರ ಸಿಕ್ಕ ಕೂಡಲೇ ಪ್ರೀವ್‌ನ ನೆಕ್ಸ್ಟ್‌ಗೆ ಬೆಲೆ ಬರೆಯುತ್ತದೆ. ಮೊದಲ ನೋಡ್‌ಗೆ ಹಿಂದಿನದು ಇಲ್ಲ, ಪ್ರೀವ್ ಇನ್ನೂ ನಲ್. ಹೀಗೆ ಆ ಒಂಟಿ 8 ಎಂಬ ಅಂಕೆ ಯಾವ ಪಾಯಿಂಟರ್, ಯಾವ ಅಂಶ ಎರಡನ್ನೂ ಹೇಳಿಬಿಟ್ಟಿತು.

ಪ್ರೀವ್ ನಲ್ ಆಗಿದ್ದರೆ ಹೆಡ್ ಅನ್ನು (ಮೊದಲ ನೋಡ್‌ನತ್ತ ತೋರುವ ಪಾಯಿಂಟರ್ ಅನ್ನು) ಮುಂದಕ್ಕೆ ಸರಿಸುವ ಒಂದು ಇಫ್ ಹಾಕಿ ಇದನ್ನು ತಿದ್ದಲು ಹೋದರೆ ಸೆಗ್ಮೆಂಟೇಶನ್ ಫಾಲ್ಟ್ ಅಲ್ಲಿ ನಿಲ್ಲುತ್ತದೆ, ದೋಷ ನಿಲ್ಲುವುದಿಲ್ಲ. ಹೆಡ್ ಅನ್ನು ನೀವು ಫಂಕ್ಷನ್‌ಗೆ ಬೆಲೆಯಾಗಿ ಕೊಟ್ಟಿದ್ದೀರಿ. ಫಂಕ್ಷನ್ ಒಳಗೆ ಬದಲಾಗುವುದು ಅದರ ಪ್ರತಿ ಮಾತ್ರ. ಮೈನ್‌ನಲ್ಲಿರುವ ಹೆಡ್ ಫ್ರೀ ಆಗಿಹೋದ ನೋಡ್‌ನತ್ತಲೇ ತೋರುತ್ತ ಉಳಿಯುತ್ತದೆ, ಮುಂದಿನ ಮುದ್ರಣ ಆ ಸತ್ತ ನೋಡ್‌ನಿಂದ ಶುರುವಾಗುತ್ತದೆ. ಸೇರಿಸುವ ಫಂಕ್ಷನ್‌ನಲ್ಲಿ ಈ ತೊಂದರೆ ಬಾರದಿರುವುದಕ್ಕೆ ಅದು ಹೊಸ ಹೆಡ್ ಅನ್ನು ಹಿಂದಿರುಗಿಸುವುದೇ ಕಾರಣ. ಅಳಿಸುವ ಫಂಕ್ಷನ್ ಏನನ್ನೂ ಹಿಂದಿರುಗಿಸುತ್ತಿಲ್ಲ.

ನಡುವಿನ ಅಕ್ಷರದ ಒಗಟು ಬೇರೆಯದು, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಅಲ್ಲಿ ಸ್ಯಾನಿಟೈಜರ್ ಹೀಪ್-ಯೂಸ್-ಆಫ್ಟರ್-ಫ್ರೀ ಎಂದು ವರದಿ ಮಾಡಿ ಮೂರು ಜಾಗಗಳನ್ನು ತೋರಿಸುತ್ತದೆ: ಸತ್ತ ಜಾಗವನ್ನು ಓದಿದ ಸಾಲು, ಅದನ್ನು ಫ್ರೀ ಮಾಡಿದ ಸಾಲು, ಮೊದಲು ಮ್ಯಾಲಾಕ್ ಮಾಡಿದ ಸಾಲು. ಜೊತೆಗೆ, ಓದಿದ ವಿಳಾಸ 16 ಬೈಟ್‌ಗಳ ತುಂಡಿನ ಒಳಗೆ 8 ಬೈಟ್ ದೂರದಲ್ಲಿದೆಯೆಂದೂ ಹೇಳುತ್ತದೆ. ಮತ್ತೆ 8, ಮತ್ತೆ ನೆಕ್ಸ್ಟ್. ಕೋಡ್ ನೋಡಿದರೆ ಪಿ ಯನ್ನು ಫ್ರೀ ಮಾಡಿದ ಮೇಲೆ ಲೂಪ್‌ನ ಕೊನೆಯಲ್ಲಿ ಪಿ ಯ ನೆಕ್ಸ್ಟ್ ಅನ್ನೇ ಓದಿ ಮುಂದಕ್ಕೆ ಸರಿಯುತ್ತಿದ್ದೀರಿ. ಫ್ರೀ ಮಾಡುವುದೆಂದರೆ ಅಳಿಸುವುದಲ್ಲ. ಆ ಜಾಗದ ಹಕ್ಕನ್ನು ಲೈಬ್ರರಿಗೆ ಹಿಂದಿರುಗಿಸುವುದಷ್ಟೇ, ಆಮೇಲೆ ಅಲ್ಲಿ ಏನು ಬರೆಯಬೇಕೆಂಬುದು ಲೈಬ್ರರಿಯ ಇಷ್ಟ.

ಎರಡು ಕಂಪ್ಯೂಟರುಗಳ ವ್ಯತ್ಯಾಸಕ್ಕೂ ವಿವರಣೆ ಬಹುಮಟ್ಟಿಗೆ ಇಲ್ಲಿಯೇ ಇದೆ. ಗ್ನೂ ಸಿ ಲೈಬ್ರರಿಯ ಹಳೆಯ ಆವೃತ್ತಿಗಳು ಇಷ್ಟು ಚಿಕ್ಕ ತುಂಡನ್ನು ಹಿಂದಕ್ಕೆ ಪಡೆದಾಗ ಅದರ ಮೊದಲ 8 ಬೈಟ್‌ಗಳಲ್ಲಿ ಮಾತ್ರ ತಮ್ಮ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದವು. ನಿಮ್ಮ ನೋಡ್‌ನಲ್ಲಿ ಅಲ್ಲಿರುವುದು ಡೇಟಾ. ನೆಕ್ಸ್ಟ್ ಹಾಗೆಯೇ ಉಳಿಯುತ್ತಿತ್ತು, ಲೂಪ್ ಸರಾಗವಾಗಿ ಮುಂದೆ ಸಾಗುತ್ತಿತ್ತು. 2019ರಲ್ಲಿ ಬಂದ 2.29ನೆಯ ಆವೃತ್ತಿಯಿಂದ, ಒಂದೇ ತುಂಡನ್ನು ಎರಡು ಬಾರಿ ಫ್ರೀ ಮಾಡುವುದನ್ನು ಹಿಡಿಯಲೆಂದು, ನಂತರದ 8 ಬೈಟ್‌ಗಳಲ್ಲೂ ಒಂದು ಗುರುತನ್ನು ಬರೆಯಲಾಗುತ್ತದೆ. ಅದು ಸರಿಯಾಗಿ ನಿಮ್ಮ ನೆಕ್ಸ್ಟ್ ಇದ್ದ ಜಾಗ. ಸ್ನೇಹಿತನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸರಿಯಾಗಿತ್ತೆಂದು ಇದರಿಂದ ತಿಳಿಯಬಾರದು. ತಪ್ಪು ಎರಡೂ ಕಡೆ ಒಂದೇ, ಒಂದು ಕಡೆ ಮಾತ್ರ ಸಿಕ್ಕಿಬಿತ್ತು. ಅಂದಹಾಗೆ 2022ರಲ್ಲಿ ಬಂದ ಜಿಸಿಸಿ 12ರಿಂದ ಈಚೆಗೆ -ವಾಲ್ ಆಯ್ಕೆಯಿದ್ದರೆ ಕಂಪೈಲರ್ ತಾನೇ ಇಂತಹ ಬಳಕೆಯ ಬಗ್ಗೆ ಎಚ್ಚರಿಸಬಲ್ಲದು.

ಮೂರೂ ತೊಂದರೆಗಳಿಗೆ ಒಟ್ಟಿಗೆ ಮದ್ದಾಗುವ ರೀತಿಯೊಂದಿದೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2016ರ ಟೆಡ್ ಸಂವಾದದಲ್ಲಿ ಕೋಡ್‌ನ ಒಳ್ಳೆಯ ಅಭಿರುಚಿಗೆ ಉದಾಹರಣೆಯಾಗಿ ತೋರಿಸಿದ್ದು ಇದೇ ತಂತ್ರವನ್ನು. ನೋಡ್‌ನತ್ತ ತೋರುವ ಪಾಯಿಂಟರ್ ಹಿಡಿದು ನಡೆಯುವ ಬದಲು, ಆ ಪಾಯಿಂಟರ್ ಇರುವ ಜಾಗದ ವಿಳಾಸವನ್ನು ಹಿಡಿದು ನಡೆಯಿರಿ. ಫಂಕ್ಷನ್‌ಗೆ ಹೆಡ್‌ನ ವಿಳಾಸವನ್ನು ಕೊಡಿ, ಅದನ್ನು ಪಿಪಿ ಎಂದು ಕರೆಯೋಣ. ಪಿಪಿ ತೋರುವ ಜಾಗದಲ್ಲಿ ನಲ್ ಬರುವವರೆಗೆ ಲೂಪ್ ನಡೆಯಲಿ. ಅಲ್ಲಿರುವ ನೋಡ್‌ನ ಡೇಟಾ ಬೇಕಾದ ಅಕ್ಷರವಾಗಿದ್ದರೆ ಆ ನೋಡ್‌ನ ವಿಳಾಸವನ್ನು ತಾತ್ಕಾಲಿಕ ವೇರಿಯೇಬಲ್‌ನಲ್ಲಿಟ್ಟುಕೊಂಡು, ಪಿಪಿ ತೋರುವ ಜಾಗಕ್ಕೆ ಅದರ ನೆಕ್ಸ್ಟ್ ಅನ್ನು ಬರೆದು, ಆಮೇಲೆ ತಾತ್ಕಾಲಿಕದ್ದನ್ನು ಫ್ರೀ ಮಾಡಿ. ಇಲ್ಲವಾದರೆ ಪಿಪಿಗೆ ಆ ನೋಡ್‌ನ ನೆಕ್ಸ್ಟ್ ಎಂಬ ಅಂಶದ ವಿಳಾಸವನ್ನು ಕೊಡಿ. ಪಿಪಿ ಹೆಡ್ ಅನ್ನು ತೋರುತ್ತಿದೆಯೋ ಯಾವುದೋ ನೋಡ್‌ನ ನೆಕ್ಸ್ಟ್ ಅನ್ನು ತೋರುತ್ತಿದೆಯೋ ಎಂಬ ಭೇದವೇ ಇಲ್ಲದಿರುವುದರಿಂದ ಮೊದಲ ನೋಡ್‌ಗೆ ಪ್ರತ್ಯೇಕ ಇಫ್ ಬೇಕಿಲ್ಲ, ಮೈನ್‌ನ ಹೆಡ್ ತಾನಾಗಿ ಬದಲಾಗುತ್ತದೆ, ಫ್ರೀ ಆದ ಮೇಲೆ ಏನನ್ನೂ ಓದುವುದಿಲ್ಲ. ಎರಡು ನಕ್ಷತ್ರಗಳ ಪಾಯಿಂಟರ್ ಕಂಡು ಹೆದರುವವರು ಕಾಗದದ ಮೇಲೆ ಮೂರು ನೋಡ್‌ಗಳ ಪಟ್ಟಿ ಬರೆದು, ಹೆಡ್‌ಗೂ ಪ್ರತಿ ನೆಕ್ಸ್ಟ್‌ಗೂ ಒಂದೊಂದು ಚೌಕ ಹಾಕಿ, ಪಿಪಿ ಯಾವ ಚೌಕದ ಮೇಲಿದೆಯೆಂದು ಬೆರಳಿಟ್ಟು ನಡೆದರೆ ಸಾಕು.

ಜಿಡಿಬಿಯ ಇನ್ನೊಂದು ಉಪಕಾರವನ್ನು ಹೇಳದೆ ಬಿಡಲಾರೆ. ಯಾವುದೋ ನೋಡ್‌ನ ನೆಕ್ಸ್ಟ್ ಕೆಟ್ಟಿದೆಯೆಂದು ತಿಳಿದು, ಕೆಡಿಸಿದ್ದು ಯಾರೆಂದು ತಿಳಿಯದಿದ್ದಾಗ, ಆ ನೋಡ್ ಇನ್ನೂ ಸರಿಯಿರುವ ಹಂತದಲ್ಲಿ ಪ್ರೋಗ್ರಾಂ ಅನ್ನು ನಿಲ್ಲಿಸಿ, ವಾಚ್ ಆಜ್ಞೆಗೆ -ಎಲ್ ಸೇರಿಸಿ ಆ ನೆಕ್ಸ್ಟ್ ಅನ್ನು ಕೊಡಿ. ಆ ವಿಳಾಸದ ಬೆಲೆ ಬದಲಾದ ಕ್ಷಣವೇ, ಬದಲಾಯಿಸಿದವರು ಯಾರೇ ಆಗಿರಲಿ, ಜಿಡಿಬಿ ಹಳೆಯ ಬೆಲೆ ಹೊಸ ಬೆಲೆಗಳೊಂದಿಗೆ ನಿಲ್ಲುತ್ತದೆ. ಚಾರ್ ಅನ್ನು ಪ್ರಿಂಟ್ ಮಾಡಿಸಿದರೆ ಸಂಖ್ಯೆ ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ತೋರಿಸುವುದು ಅದರ ಇನ್ನೊಂದು ಒಳ್ಳೆಯ ಗುಣ.

ನಿಮ್ಮ ಕೋಡ್‌ನಲ್ಲಿ ಇಲ್ಲದಿದ್ದರೂ ಅಕ್ಷರಗಳ ಪಟ್ಟಿಯಲ್ಲಿ ಮೇಲಿಂದ ಮೇಲೆ ಕಾಣುವ ಕೆಲವನ್ನು ಬೇಗನೆ ಹೇಳಿ ಮುಂದೆ ಹೋಗುತ್ತೇನೆ. ಹುಡುಕಿದ ಮೇಲೆ ಪಟ್ಟಿಯ ಅಕ್ಷರಗಳೆಲ್ಲ ಒಂದೇ ಆಗಿಬಿಟ್ಟಿದ್ದರೆ ಹೋಲಿಕೆಯಲ್ಲಿ ಎರಡು ಸಮ ಚಿಹ್ನೆಗಳ ಬದಲು ಒಂದೇ ಬಿದ್ದಿದೆ. ಏನು ಹುಡುಕಿದರೂ ಸಿಗದಿದ್ದರೆ ಒಂಟಿ ಉದ್ಧರಣ ಚಿಹ್ನೆಯ ಜಾಗದಲ್ಲಿ ಜೋಡಿ ಚಿಹ್ನೆ ಹಾಕಿ ಅಕ್ಷರವನ್ನು ಸ್ಟ್ರಿಂಗ್‌ನ ವಿಳಾಸದೊಂದಿಗೆ ಹೋಲಿಸಿರುವ ಸಾಧ್ಯತೆ ಹೆಚ್ಚು. ನೋಡ್‌ನ ಡೇಟಾ ಚಾರ್ ಆಗಿರದೆ ಚಾರ್ ಪಾಯಿಂಟರ್ ಆಗಿದ್ದು, ಓದಲು ಬಳಸಿದ ಒಂದೇ ವೇರಿಯೇಬಲ್‌ನ ವಿಳಾಸವನ್ನು ಪ್ರತಿ ನೋಡ್‌ನಲ್ಲೂ ಇಟ್ಟಿದ್ದರೆ ಎಲ್ಲ ನೋಡ್‌ಗಳೂ ಕೊನೆಯದಾಗಿ ಓದಿದ ಅಕ್ಷರವನ್ನೇ ತೋರಿಸುತ್ತವೆ. ಡೇಟಾದ ವಿಳಾಸವನ್ನು %ಎಸ್‌ಗೆ ಕೊಟ್ಟು ಮುದ್ರಿಸುವವರೂ ಇದ್ದಾರೆ. ಡೇಟಾದ ನಂತರವಿರುವ 7 ಖಾಲಿ ಬೈಟ್‌ಗಳು ಹೊಸ ಮೆಮೊರಿಯಲ್ಲಿ ಸೊನ್ನೆಯಾಗಿರುವವರೆಗೆ ಅದು ಸರಿಯಾಗಿ ನಡೆದಂತೆ ತೋರುತ್ತದೆ. ಮುದ್ರಣದಲ್ಲಿ ಯಾವಾಗಲೂ ಕೊನೆಯ ಅಕ್ಷರವೇ ತಪ್ಪಿಹೋಗುತ್ತಿದ್ದರೆ ಲೂಪ್‌ನ ಷರತ್ತು ಪಿ ನಲ್ ಆಗಿಲ್ಲವೇ ಎಂದು ಕೇಳುವ ಬದಲು ಪಿ ಯ ನೆಕ್ಸ್ಟ್ ನಲ್ ಆಗಿಲ್ಲವೇ ಎಂದು ಕೇಳುತ್ತಿದೆ.

ತಿದ್ದಿದ ಮೇಲೆ ಕೊನೆಯಲ್ಲಿ ಪಟ್ಟಿಯನ್ನು ಪೂರ್ತಿಯಾಗಿ ಫ್ರೀ ಮಾಡುವ ಫಂಕ್ಷನ್ ಅನ್ನೂ ಬರೆಯಿರಿ. ಅಲ್ಲಿಯೂ ನೆಕ್ಸ್ಟ್ ಅನ್ನು ಮೊದಲು ಬೇರೆ ವೇರಿಯೇಬಲ್‌ಗೆ ತೆಗೆದಿಟ್ಟುಕೊಂಡೇ ಫ್ರೀ ಮಾಡಬೇಕು. ನಂತರ ವಾಲ್‌ಗ್ರಿಂಡ್ ಓಡಿಸಿದರೆ ಹೀಪ್‌ನ ಎಲ್ಲ ತುಂಡುಗಳೂ ಬಿಡುಗಡೆಯಾದವೆಂಬ ಸಾಲು ಬರುತ್ತದೆ. ಬಾರದಿದ್ದರೆ ಎಲ್ಲೋ ಒಂದು ನೋಡ್ ಸರಪಳಿಯಿಂದ ಕಳಚಿ ಉಳಿದಿದೆ. ಪರೀಕ್ಷೆಗೆ ಉದ್ದನೆಯ ಪದಗಳು ಬೇಡ. ಖಾಲಿ ಪಟ್ಟಿ, ಒಂದೇ ಅಕ್ಷರದ ಪಟ್ಟಿ, ಇಲ್ಲದ ಅಕ್ಷರವನ್ನು ತೆಗೆಯುವುದು, ಮೊದಲನೆಯದನ್ನು, ಕೊನೆಯದನ್ನು, ಎಲ್ಲವೂ ಒಂದೇ ಅಕ್ಷರವಾಗಿರುವ ಪಟ್ಟಿಯನ್ನು ತೆಗೆಯುವುದು; ಪ್ರತಿಯೊಂದರ ಮೊದಲೂ ಆಮೇಲೂ ವಿಳಾಸ ತೋರಿಸುವ ಫಂಕ್ಷನ್ ಅನ್ನು ಕರೆಯಿರಿ. ಇವುಗಳಲ್ಲಿ ಒಂದೇ ಅಕ್ಷರ ಅಕ್ಕಪಕ್ಕ ಎರಡು ಬಾರಿ ಬರುವ ಪ್ರಕರಣವನ್ನು ಎರಡು ಸಲ ನೋಡಿ. ಪಿಪಿ ಬಳಸಿ ಬರೆದವರು ಅಳಿಸಿದ ನಂತರವೂ ಪಿಪಿಯನ್ನು ಮುಂದಕ್ಕೆ ಸರಿಸಿಬಿಡುತ್ತಾರೆ. ಅಳಿಸಿದಾಗ ಪಿಪಿ ಇದ್ದಲ್ಲೇ ಇರಬೇಕು, ಏಕೆಂದರೆ ಅದು ತೋರುವ ಜಾಗಕ್ಕೆ ಆಗಲೇ ಮುಂದಿನ ನೋಡ್ ಬಂದು ಕೂತಿರುತ್ತದೆ. ಸರಿಸಿದರೆ ಜೋಡಿಯಲ್ಲಿ ಎರಡನೆಯ ಅಕ್ಷರ ತಪಾಸಣೆಯಾಗದೆ ಪಟ್ಟಿಯಲ್ಲೇ ಉಳಿಯುತ್ತದೆ, ಅಳಿಸಿದ ಅಕ್ಷರ ಪಟ್ಟಿಯ ಕೊನೆಯದಾಗಿದ್ದರಂತೂ ಪಿಪಿ ನಲ್‌ನ ಮೂಲಕ ಮುಂದೆ ಸರಿದು ಹಳೆಯ ಸೆಗ್ಮೆಂಟೇಶನ್ ಫಾಲ್ಟ್ ಮರಳಿ ಬರಲೂಬಹುದು.